ಎಂಟು ಮಾರ್ದನಿ ದೂರದ ಅಡಿಗೆಮನೆ

ನಮ್ಮ ಸೋದರಮಾವನ ಮನೆಯಲ್ಲಿ ದೆವ್ವವಿದೆ ಎಂದು ಇಡೀ ಹೌಸಿಂಗ್ ಸೊಸೈಟಿ ನಂಬಿದಾಗ, ನಿಜ ಹೇಳುತ್ತೇನೆ, ನನಗೆ ಆ ದೆವ್ವದ ಮೇಲೆಯೇ ಕನಿಕರ ಬಂತು. ಅರವತ್ತೆಂಟನೆಯ ವಯಸ್ಸಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ಬಾರಿಸುವ ಮನುಷ್ಯನ ಜೊತೆ ಒಂದೇ ಸೂರಿನಡಿ ಬಾಳುವುದೆಂದರೆ ಯಾವ ದೆವ್ವಕ್ಕೆ ಅಷ್ಟು ತಾಳ್ಮೆ ಇದ್ದೀತು?

ಆ ಮಧ್ಯಾಹ್ನ ಮಲಾಡಿನ ಎಂಟನೆಯ ಮಹಡಿಯ ಫ್ಲ್ಯಾಟಿನಲ್ಲಿ ನಾವು ಐದು ಜನ ಇದ್ದೆವು. ಗಿಟಾರನ್ನು ಕೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಮಾವ. ಬೆತ್ತದ ಕುರ್ಚಿಯಲ್ಲಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ. ಜೇಬಿನಲ್ಲಿ ಒಂದು ನಿಂಬೆಹಣ್ಣು ಬಚ್ಚಿಟ್ಟುಕೊಂಡು ಬಂದಿದ್ದ ಸೊಸೈಟಿಯ ಸೆಕ್ರೆಟರಿ. ಅವರ ಬೆನ್ನಿಗೆ ಅಂಟಿಕೊಂಡು, ಸಾಕ್ಷಿ ಹೇಳಲು ಬಂದಿದ್ದ ವಾಚ್‌ಮನ್, ವಿಜಯಪುರದ ಕಡೆಯವನು. ಐದನೆಯವನು ಸಂಧಾನಕ್ಕೆಂದು ಮಾಟುಂಗದಿಂದ ಲೋಕಲ್ ರೈಲು ಹಿಡಿದು ಬಂದಿದ್ದ ನಾನು. ಕಿಟಕಿಗಳಿಗೆಲ್ಲ ಕಂಬಳಿಯಷ್ಟು ದಪ್ಪದ ಪರದೆ. ಮೂರು ಗಂಟೆಯ ಬಿಸಿಲು ಹೊರಗೇ ನಿಂತಿತ್ತು. ಒಳಗೆ ಒಂದೇ ಒಂದು ಮಂಕು ಬಲ್ಬು.

"ಹೇಳು," ಎಂದು ಸೆಕ್ರೆಟರಿ ವಾಚ್‌ಮನ್‌ನನ್ನು ಮುಂದೆ ತಳ್ಳಿದರು.

"ಹೆಂಗ ಹೇಳ್ಲಿರಿ," ಎಂದ ಅವನು, ದನಿ ತಗ್ಗಿಸಿ. "ಕೆಳಗಿನ ಏಳನೇ ಮಜಲಾ ರೆಫ್ಯೂಜ್ ಫ್ಲೋರ್ ಅಲ್ರಿ? ಬೆಂಕಿ ಬಿದ್ರ ಮಂದಿ ಓಡಿ ಬಂದು ನಿಲ್ಲಾಕ ಅಂತ ಖಾಲಿ ಬಿಟ್ಟದ್ದು. ಒಂದು ನರಪಿಳ್ಳಿ ಇರೂದಿಲ್ರಿ ಅಲ್ಲಿ. ದಿನಾ ಮೂರರ ಸುಮಾರ ಯಾರೋ ಹೆಣ್ಣಮಗಳು ನಡದಂಗ ಆಗ್ತದ. ಎಂಟು ಹೆಜ್ಜಿ. ಆಮ್ಯಾಲ ನಿಲ್ತದ. ಒಮ್ಮೊಮ್ಮೆ ನಡುಗಿಕೋತ ಅಳ್ತದ್ರಿ! ನಿಮ್ಮ ಮನಿಯಿಂದನ ಇಳಿದು ಬರ್ತದಂತ ಮಂದಿ ಅಂತಾರ್ರಿ."

"ಎಂಟೇ ಏನು? ಎಣಿಸಿದ್ಯಾ?" ಮಾವನ ಮುಖ ಅರಳಿತು.

"ಬಟ್ಟು ಮಡಚಿ ಎಣಿಸೀನ್ರಿ."

"ಶಾಬಾಸ್! ಕಿವಿ ಅಂದ್ರ ಇದು!" ಎಂದು ಮಾವ ನನ್ನತ್ತ ತಿರುಗಿ ಹೆಮ್ಮೆಪಟ್ಟರು. ಮನೆಯಲ್ಲಿ ದೆವ್ವವಿದೆ ಎಂಬ ದೂರನ್ನು ಹೀಗೆ ಪರೀಕ್ಷೆಯ ಫಲಿತಾಂಶದಂತೆ ಸ್ವೀಕರಿಸಿದ ಗೃಹಸ್ಥರನ್ನು ನೀವು ಕಂಡಿದ್ದೀರಾ?

ಇನ್ನು ಆ ದೆವ್ವದ ಜಾತಕ ಹೇಳಿಬಿಡುತ್ತೇನೆ.

ಮಾವ ಧಾರವಾಡದಿಂದ ಬಂದು ಮೂವತ್ತೈದು ವರ್ಷ ಬಟ್ಟೆ ಕಂಪನಿಯಲ್ಲಿ ಗುಮಾಸ್ತರಾಗಿದ್ದವರು. ರವಿವಾರಗಳಲ್ಲಿ ಮಾತ್ರ ಮದುವೆ ಆರ್ಕೆಸ್ಟ್ರಾದ ಗಿಟಾರಿಸ್ಟು. ವಾದ್ಯವನ್ನು ಅತ್ತೆಯ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲಿಡುತ್ತಿದ್ದರು. ಆಗ ಅವರಿದ್ದದ್ದು ಮಾಟುಂಗದ ಒಂದು ಚಾಳಿನಲ್ಲಿ, ಎಂದರೆ ಹಳೆಯ ವಠಾರದಲ್ಲಿ. ಅಲ್ಲಿರುವಾಗಲೇ ಸಕ್ಕರೆ ಕಾಯಿಲೆ ಅತ್ತೆಯ ಕಣ್ಣುಗಳನ್ನು ಸ್ವಲ್ಪಸ್ವಲ್ಪವಾಗಿ ತಿಂದುಹಾಕಿತು. ಆದರೆ ಅದು ಯಾರಿಗೂ ತಿಳಿಯಲಿಲ್ಲ! ಏಕೆಂದರೆ ಆ ಮನೆ ಮಾತಾಡುತ್ತಿತ್ತು. ಮೂರನೆಯ ಹಲಗೆ ಕಿರ್ರೆಂದರೆ ಬಾಗಿಲು, ನಲ್ಲಿ ತೊಟ್ಟಿಕ್ಕಿದರೆ ಮೋರಿ, ಕೆಮ್ಮಿದ್ದು ಮಾರ್ದನಿಗೊಂಡು ಎರಡು ಸಲ ಕೇಳಿದರೆ ಪ್ಯಾಸೇಜು. ಅತ್ತೆ ಆ ಮನೆಯನ್ನು ಕಿವಿಯಿಂದಲೇ ನೋಡುತ್ತಿದ್ದರು.

ಕೆಡವಿ ಹೊಸದು ಕಟ್ಟಲೆಂದು ಚಾಳು ರಿಡೆವಲಪ್‌ಮೆಂಟಿಗೆ ಹೋಯಿತು; ಇವರು ಮಲಾಡಿಗೆ ಬಂದರು. ನುಣ್ಣನೆಯ ಟೈಲ್ಸು, ಫಾಲ್ಸ್ ಸೀಲಿಂಗು, ಸದ್ದಿಲ್ಲದೆ ಮುಚ್ಚುವ ಬಾಗಿಲುಗಳು. ಹತ್ತಿಯಲ್ಲಿ ಸುತ್ತಿಟ್ಟಂಥ ಮೌನ. ಬಂದ ಮೂರನೆಯ ದಿನ ಅತ್ತೆ ನೀರು ಕುಡಿಯಲು ಎದ್ದರು. ಅಡಿಗೆಮನೆಯೆಂದು ಹೋದರು. ಕಾಲು ಒಂದು ಮೆಟ್ಟಿಲು ಕೆಳಗಿಳಿಯಿತು, ಸೊಂಟಕ್ಕೆ ಕಬ್ಬಿಣದ ಕಂಬಿ ತಾಗಿತು, ಮುಖಕ್ಕೆ ಗಾಳಿ ಹೊಡೆಯಿತು. ಅದು ಬಾಲ್ಕನಿ.

ಅವತ್ತು ಕುರ್ಚಿಯಲ್ಲಿ ಕೂತವರು ಮೂರು ತಿಂಗಳು ತಾವಾಗಿ ಏಳಲಿಲ್ಲ. "ಈ ಮನಿಗೆ ಬಾಯಿಲ್ಲ," ಎಂದಷ್ಟೇ ಹೇಳಿದರು.

ಬೇರೆ ಯಾರಾದರೂ ಏನು ಮಾಡುತ್ತಿದ್ದರು? ಊರುಗೋಲು ತರುತ್ತಿದ್ದರು, ಗೋಡೆಗೆ ಹಗ್ಗ ಕಟ್ಟುತ್ತಿದ್ದರು, ಕೆಲಸದವಳನ್ನು ಇಡುತ್ತಿದ್ದರು. ನಮ್ಮ ಮಾವ ಅಟ್ಟದ ಮೇಲಿಂದ ಗಿಟಾರ್ ಇಳಿಸಿದರು. "ಮನಿಗೆ ಬಾಯಿ ಕೊಡಿಸ್ತೀನಿ, ನಡಿ," ಎಂದು ನನ್ನನ್ನು ವಾದ್ಯದ ಅಂಗಡಿಗೆ ಎಳೆದುಕೊಂಡು ಹೋದರು.

ಪೆಡಲ್ ಎಂದರೆ ಕಾಲಿನಿಂದ ಒತ್ತುವ, ಹಿಡಿ ಗಾತ್ರದ ತಗಡಿನ ಡಬ್ಬಿ. ರಿವರ್ಬ್ ಎಂಬುದು ಗಿಟಾರಿನ ದನಿಯ ಸುತ್ತ ಗೋಡೆ ಕಟ್ಟುತ್ತದೆ. ಡಿಲೇ ಎಂಬುದು ದನಿಯನ್ನು ಮತ್ತೆಮತ್ತೆ ಹಿಂದಿರುಗಿಸುತ್ತದೆ. ಟ್ರೆಮೊಲೊ ಅದನ್ನು ಜ್ವರ ಬಂದವರಂತೆ ನಡುಗಿಸುತ್ತದೆ. ಇಷ್ಟನ್ನು ನನಗೆ ವಿವರಿಸಿದವನು ಜಡೆ ಹಾಕಿಕೊಂಡಿದ್ದ, ಗಡ್ಡ ನೆರೆತ ಸೇಲ್ಸ್‌ಮನ್. ರಿವರ್ಬಿನ ಗುಂಡಿ ತೋರಿಸಿ, ಎಂಥ ಕೋಣೆಯ ದನಿ ಬೇಕೆಂದು ಅವನು ಮಾವನನ್ನು ಕೇಳಿದ: "ಅಂಕಲ್, ಇಸ್ಮೇ ರೂಮ್ ಹೈ, ಹಾಲ್ ಹೈ, ಚರ್ಚ್ ಹೈ. ಕ್ಯಾ ಚಾಹಿಯೇ?"

"ಕಿಚನ್ ಹೈ ಕ್ಯಾ?"

"ಕಿಚನ್ ನಹೀ ಹೋತಾ, ಅಂಕಲ್."

"ಚರ್ಚ್ ಇಟ್ಟೀರಿ, ಅಡಿಗಿಮನಿ ಇಟ್ಟಿಲ್ಲ! ಇವನ್ನ ಮಾಡಿದವರು ಊಟಾ ಮಾಡೂದಿಲ್ಲೇನು?" ಎಂದು ಮಾವ ನನ್ನನ್ನು ಗದರಿದರು, ನಾನೇ ಮಾಡಿದವನು ಎಂಬಂತೆ.

ಆಮೇಲೆ ಜೇಬಿನಿಂದ ಕರವಸ್ತ್ರ ತೆಗೆದು ಕಣ್ಣಿಗೆ ಕಟ್ಟಿಕೊಂಡರು. ನಾನು ಒಂದೇ ತಂತಿಯನ್ನು ಮೀಟುತ್ತಿರಬೇಕು, ಸೇಲ್ಸ್‌ಮನ್ ಒಂದೊಂದೇ ಪೆಡಲ್ ಒತ್ತುತ್ತಿರಬೇಕು, ಅವರು ಅಂಗಡಿಯೊಳಗೆ ಕುರುಡರಾಗಿ ನಡೆಯಬೇಕು. ಇದು ಅವರ ಆಯ್ಕೆಯ ಪದ್ಧತಿ! ಮೊದಲನೆಯ ರಿವರ್ಬಿಗೆ ಡ್ರಮ್ ಸೆಟ್ಟಿನೊಳಗೆ ನಡೆದರು. ಎರಡನೆಯದಕ್ಕೆ ಗ್ರಾಹಕರೊಬ್ಬರ ತೆಕ್ಕೆಗೆ. ಐದನೆಯದಕ್ಕೆ ಗಕ್ಕನೆ ನಿಂತು, "ಹಾಂ! ಹಿತ್ತಾಳಿ ಡಬರ್ಯಾಗ ಮಾರಿ ಹಾಕಿ ಮಾತಾಡಿದಂಗ ಆತು. ಇದು ಅಡಿಗಿಮನಿ," ಎಂದರು. ಡಿಲೇಗೆ ಇನ್ನೂ ಕಠಿಣ ಶರತ್ತು: ಒಂದೊಂದು ಮಾರ್ದನಿಯೂ ಅತ್ತೆಯ ಒಂದೊಂದು ಹೆಜ್ಜೆಯಷ್ಟು ಅಂತರದಲ್ಲಿ ಬರಬೇಕು. ಕುರ್ಚಿಯಿಂದ ಅಡಿಗೆಮನೆಗೆ ಎಂಟು ಹೆಜ್ಜೆ. ಎಂಟನೆಯದಕ್ಕೆ ದನಿ ಆರಬೇಕು. ಅಂಗಡಿಯಲ್ಲಿ ಅತ್ತೆಯ ನಡಿಗೆಯನ್ನು ಮಾವ ನಡೆದು ತೋರಿಸಿದರು, ಸೊಂಟಕ್ಕೆ ಕೈಯಿಟ್ಟುಕೊಂಡು. ಜಡೆಯ ಮನುಷ್ಯ ಉಸಿರು ಬಿಗಿಹಿಡಿದು ಗುಂಡಿ ತಿರುಗಿಸಿದ.

"ಬಾತ್‌ರೂಮಿಗೆ, ಮಾಮಾ?" ಎಂದು ನಾನು ಕೇಳಿದೆ.

"ಅಲ್ಲಿ ಸಂಗೀತ ಬ್ಯಾಡ. ಮರ್ಯಾದಿ ಅನ್ನೂದು ಒಂದದ."

ಉಳಿದದ್ದು ಬಾಲ್ಕನಿ. ಅದಕ್ಕೆ ಟ್ರೆಮೊಲೊ. ಆ ದನಿ ಕೇಳಿದರೆ ಕಾಲು ತಾನಾಗಿ ನಿಲ್ಲಬೇಕು ಎಂಬುದು ಮಾವನ ಹಟ. ಹೊಳೆಯುವ ಹೊಸ ಪೆಡಲುಗಳೆಲ್ಲ ಸೋತವು. ಒಂದು ಹಾವಾಡಿಗನ ಪುಂಗಿಯಂತೆ ನುಲಿಯಿತು, ಒಂದು ತೂಕಡಿಸಿತು. ಕೊನೆಗೆ ಸೇಲ್ಸ್‌ಮನ್ ಕಪಾಟಿನ ತಳದಿಂದ ಹಳೆಯದೊಂದನ್ನು ತೆಗೆದ. ಬಣ್ಣ ಹೋಗಿತ್ತು. ಹಿಂಬದಿಯಲ್ಲಿ ಯಾರದೋ ಹೆಸರನ್ನು ಮೊಳೆಯಿಂದ ಕೆರೆದು ಅಳಿಸಿದ್ದರು. ಯಾರು ಮಾರಿದರೆಂದು ಅವನಿಗೂ ನೆನಪಿಲ್ಲ. ನಾನು ತಂತಿ ಮೀಟಿದೆ.

ಅದನ್ನು ಹೇಗೆ ಹೇಳಲಿ? ಯಾರೋ ಅಂಚಿನ ಮೇಲೆ ನಿಂತು, ಹಿಂದೆ ತಿರುಗಲಾರದೆ, ಬಾಯಿ ಮುಚ್ಚಿ ಕರೆದಂತಿತ್ತು. ಮಾವ ಕಟ್ಟಿದ ಕಣ್ಣಿನಲ್ಲೇ, ಎತ್ತಿದ ಕಾಲನ್ನು ಕೆಳಗಿಡದೆ ನಿಂತಿದ್ದರು.

"ಇದು," ಎಂದರು ಮೆಲ್ಲಗೆ.

ಅಂದಿನಿಂದ ದಿನವೂ ಮಧ್ಯಾಹ್ನ ಮೂರಕ್ಕೆ, ಚಹಾದ ಹೊತ್ತಿಗೆ, ಮಾವ ಗಿಟಾರ್ ಹಿಡಿದು ಹಾಲಿನಲ್ಲಿ ಕೂರುವರು. ಅತ್ತೆ ಏಳುವರು. ಅವರು ನಡೆದಂತೆ ಮಾವನ ಪಾದ ಒಂದರಿಂದ ಒಂದಕ್ಕೆ ಜಿಗಿಯುವುದು: ಪ್ಯಾಸೇಜಿಗೆ ಡಿಲೇ, ಅಡಿಗೆಮನೆಗೆ ರಿವರ್ಬ್, ತಪ್ಪಿ ಬಾಲ್ಕನಿಯತ್ತ ತಿರುಗಿದರೆ ಆ ನಡುಕ. ಅತ್ತೆ ಚಹಾ ಮಾಡಿ ತರುವರು. ಪರದೆಗಳನ್ನು ಎಳೆದದ್ದೂ ಮಾವನೇ. "ಆಕಿಗೆ ಇಲ್ಲದ ಬೆಳಕು ನನಗ್ಯಾಕ?" ಎಂಬುದು ಅವರ ವಾದ. ಈ ಸದ್ದು ಪೈಪುಗಳು ಹಾಯುವ ಡಕ್ಟಿನಲ್ಲಿ ಇಳಿದು ಖಾಲಿ ಏಳನೆಯ ಮಹಡಿಯಲ್ಲಿ ಅಡ್ಡಾಡುವುದು ಅವರಿಗೇನು ಗೊತ್ತು!

ಇದನ್ನೆಲ್ಲ ಕೇಳಿದ ಮೇಲೂ ಸೆಕ್ರೆಟರಿ ಒಪ್ಪಲಿಲ್ಲ. "ಕಾಕಾ, ಆವಾಜ್ ಸೇ ಕೋಯೀ ಚಲ್ತಾ ಹೈ ಕ್ಯಾ? ಲೋಕ್ ಘಾಬರ್‌ತಾತ್! ಜನ ಹೆದರ್ತಾರೆ, ಇದು ಬಂದ್ ಆಗ್ಬೇಕು," ಎಂದು ಮೂರು ಭಾಷೆಯಲ್ಲೂ ಗುಡುಗಿದರು.

"ನಮ್ಮ ಗೋಳಗುಮ್ಮಟದಾಗ ಒಮ್ಮೆ ಕೂಗಿದ್ರ ಏಳು ಸಲ ಬರ್ತದ್ರಿ ಸಾಹೇಬ್ರ," ಎಂದು ವಾಚ್‌ಮನ್ ಪಕ್ಷ ಬದಲಿಸಿದ. "ಆದ್ರ ಅಲ್ಲಿ ಕೂಗಿದಂವ ಕಾಣಸ್ತಾನ."

"ಕಣ್ಣು ಕಟ್ಟಿಕೊಂಡು ನೀವ ನಡೀರಿ," ಎಂದರು ಮಾವ. "ಬಾಲ್ಕನಿ ಹತ್ರ ನಿಂತ್ರ ನಾ ಗೆದ್ದೆ. ನಿಲ್ಲದಿದ್ರ ಇವತ್ತ ಗಿಟಾರ್ ಮಾರ್ತೀನಿ."

ಅತ್ತೆಯ ಬಳೆ ಒಮ್ಮೆ ಸದ್ದು ಮಾಡಿತು. ಅಷ್ಟೇ.

ಸೆಕ್ರೆಟರಿ ಕಣ್ಣು ಕಟ್ಟಿಸಿಕೊಂಡು ಜಂಬದಿಂದ ಹೊರಟರು. ಮಾವ ಮೀಟಿದರು. ಒಂದು... ಎರಡು... ಮೂರು... ಮಾರ್ದನಿಗಳು ಅವರ ಮುಂದೆ ಮುಂದೆ ನಡೆಯುತ್ತಿದ್ದವು, ಕೈ ಹಿಡಿದು ಕರೆದೊಯ್ಯುವವರಂತೆ. ಪ್ಯಾಸೇಜಿನ ನಡುವೆ ಅವರು ಎಡಕ್ಕೆ, ಬಾಲ್ಕನಿಯತ್ತ ತಿರುಗಿದರು. ಮಾವನ ಪಾದ ಹಳೆಯ ಪೆಡಲಿನ ಮೇಲೆ ಹೋಯಿತು.

ಕರೆಂಟು ಹೋಯಿತು.

ಸದ್ದು ನಡುವಿನಲ್ಲೇ ಕತ್ತರಿಸಿ ಬಿತ್ತು. ಬಲ್ಬು ಆರಿತು. ಪರದೆ ಎಳೆದ ಮನೆ ಹಾಡಹಗಲೇ ಬಾವಿಯ ತಳವಾಯಿತು. "ಮೂರೂವರಿಗೆ ಪ್ಯಾನೆಲ್ ರಿಪೇರಿ, ಲೈಟ್ ಇರೂದಿಲ್ಲ ಅಂತ ನೋಟೀಸ್ ಹಚ್ಚ್ಯಾರಲ್ರಿ!" ಎಂದು ಕತ್ತಲಲ್ಲಿ ವಾಚ್‌ಮನ್ ಕೂಗಿದ. ನೋಟೀಸಿಗೆ ಸಹಿ ಹಾಕಿದವರು ಸ್ವತಃ ಸೆಕ್ರೆಟರಿ! ಅವರೋ, ಈ ನಿಶ್ಶಬ್ದವೂ ಮಾವನ ಚಮತ್ಕಾರವೆಂದುಕೊಂಡು, ಗೆಲ್ಲುವ ಹುರುಪಿನಲ್ಲಿ ನಡೆಯುತ್ತಲೇ ಇದ್ದರು. ಚಪ್ಪಲಿಯಿಲ್ಲದ ಪಾದಗಳು ದೂರವಾಗುವುದು ಕೇಳುತ್ತಿತ್ತು.

"ನಿಲ್ರೀ!" ಎಂದು ಮಾವ ಚೀರಿ ಎದ್ದು, ಕೇಬಲ್ಲಿಗೆ ಕಾಲು ಸಿಕ್ಕಿ ನನ್ನ ಮೇಲೆ ಬಿದ್ದರು. ನಾನು ವಾಚ್‌ಮನ್ ಮೇಲೆ ಬಿದ್ದೆ. ಆ ಗೊಂದಲದಲ್ಲಿ ನನ್ನ ಮುಖದ ಪಕ್ಕದಿಂದ ಏನೋ ತಣ್ಣಗೆ, ಸದ್ದಿಲ್ಲದೆ, ಬಟ್ಟೆಯ ಅಂಚಿನಂತೆ ಸರಿದುಹೋಯಿತು. ಆಮೇಲೆ ಒಂದು ಚೀತ್ಕಾರ.

ನಾನು ಪರದೆ ತಡವಿ ಸರಿಸುವಷ್ಟರಲ್ಲಿ ಎಷ್ಟು ಹೊತ್ತಾಯಿತೋ. ಸೆಕ್ರೆಟರಿ ಬಾಲ್ಕನಿಯ ಹೊಸ್ತಿಲಲ್ಲಿ, ಮೆಟ್ಟಿಲಿಗೆ ಗೇಣು ದೂರದಲ್ಲಿ ಕಲ್ಲಾಗಿ ನಿಂತಿದ್ದರು. ಕಣ್ಣಿನ ಬಟ್ಟೆಯನ್ನೂ ಬಿಚ್ಚಿರಲಿಲ್ಲ. "ಯಾರೋ ಕೈ ಹಿಡಿದ್ರು," ಎಂದರು. "ಥಂಡಾ ಹಾಥ್... ಬಾಂಗಡ್ಯಾ ಹೋತ್ಯಾ... ಬಳೆ ಇತ್ತು."

ನಾವೆಲ್ಲ ತಿರುಗಿ ನೋಡಿದೆವು. ಅತ್ತೆ ಬೆತ್ತದ ಕುರ್ಚಿಯಲ್ಲಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಟ್ರೆಮೊಲೊದ ಪರಿಣಾಮ!" ಎಂದು ಮಾವ ಸಾರಿದರು. "ಕರೆಂಟು ಹೋದ್ರೂ ಕೆಲಸ ಮಾಡ್ತದ!" ಸೆಕ್ರೆಟರಿ ದೂರು ಹಿಂತೆಗೆದುಕೊಂಡರು. ನಿಂಬೆಹಣ್ಣನ್ನು ಟೀಪಾಯಿಯ ಮೇಲೆ ಇಟ್ಟು, ಮೆಟ್ಟಿಲಿಳಿದೇ ಹೋದರು. ಏಳನೆಯ ಮಹಡಿಯಲ್ಲಿ ಮಾತ್ರ ಓಡಿದರಂತೆ, ವಾಚ್‌ಮನ್ ಆಮೇಲೆ ಹೇಳಿದ.

ಕರೆಂಟು ಬಂದಾಗ ಅತ್ತೆ ಕರೆದರು: "ಬಾರಸ್ರೀ. ನಿಂಬಿಹಣ್ಣಿನ ಪಾನಕಾ ಮಾಡ್ತೀನಿ." ಮಾವ ಮೀಟಿದರು. ಅತ್ತೆ ಕೈ ಮುಂದೆ ಚಾಚಿ, ತಡವರಿಸುತ್ತ, ಎಂಟು ಮಾರ್ದನಿ ನಡೆದರು. ನಾನು ಬಾಲ್ಕನಿಯ ಹೊಸ್ತಿಲಿಗೆ ಹೋದೆ. ಅಲ್ಲಿ ಹಸಿರು ಗಾಜಿನ ಬಳೆಯ ಒಂದು ತುಂಡು ಬಿದ್ದಿತ್ತು.

ಅದನ್ನು ಹಿಡಿದು ಅಡಿಗೆಮನೆಗೆ ಹೋದರೆ, ಅತ್ತೆ ತಿರುಗದೆಯೇ ಪಿಸುಗುಟ್ಟಿದರು: "ಸಿಕ್ತೇನು? ಕಸದ ಡಬ್ಬಿಗೆ ಹಾಕು."

"ಅತ್ತಿ, ನಿಮಗ ಸದ್ದಿಲ್ಲದನೂ ದಾರಿ..."

"ಅವರು ಬಾರಸಾಕ ಹತ್ತಿ ಎರಡು ವಾರದಾಗ ಮನಿ ತಿಳದಿತ್ತಪ್ಪಾ. ಎಷ್ಟು ದೊಡ್ಡದದ ಇದು!" ಚಾಕು ತಡವದೆ ಸಿಕ್ಕಿತು, ನಿಂಬೆಹಣ್ಣು ಸಮನಾಗಿ ಎರಡು ಹೋಳಾಯಿತು. "ನಾ ಕುರ್ಚಿ ಹಿಡದು ಕೂತಾಗ ಅವರು ದಿನಾ ನನ್ನ ಎದುರಿಗೇ ಕೂತು ಅಳತಿದ್ರು. ಸದ್ದಿಲ್ಲದ. ಆಕಿಗೇನು ಕಾಣಸ್ತದ ಅಂತ. ಕಣ್ಣೀರು ಒರಿಸಿದ್ರೂ ಸಪ್ಪಳಾ ಆಗ್ತದ, ಅವರಿಗೇನು ಗೊತ್ತು? ಈ ಡಬ್ಬಿ ಬಂದ ಮ್ಯಾಲೆ ಒಂದಿನಾನೂ ಅತ್ತಿಲ್ಲ. ಹೇಳಬ್ಯಾಡ ಅವರಿಗೆ."

ಹಾಲಿನಿಂದ ಮಾವನ ಗಿಟಾರು ಹಿತ್ತಾಳೆಯ ಡಬರಿಯೊಳಗಿನಿಂದೆಂಬಂತೆ ಗುಂಯ್‌ಗುಡುತ್ತಿತ್ತು.

ಹೋದ ಮಳೆಗಾಲದಲ್ಲಿ ಮಾವ ಸ್ಟೇಷನ್ನಿನ ಮೆಟ್ಟಿಲಲ್ಲಿ ಜಾರಿ ಬಲಗಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡರು. ಪೆಡಲ್ ಒತ್ತಲಾಗುತ್ತಿರಲಿಲ್ಲ. ಏಳು ದಿನ ನಾನೇ ಹೋಗಿ ಚಹಾ ಮಾಡಿದೆ. ಏಳು ದಿನವೂ ಅತ್ತೆ ಬೆತ್ತದ ಕುರ್ಚಿ ಬಿಟ್ಟು ತಾವಾಗಿ ಏಳಲಿಲ್ಲ. ಎಂಟನೆಯ ದಿನ ಮೂರು ಗಂಟೆಗೆ ಮಾವ ಹಾಸಿಗೆಯ ಮೇಲಿಂದಲೇ ಊರುಗೋಲು ಚಾಚಿ, ಅದರ ತುದಿಯಿಂದ ಪೆಡಲ್ ಒತ್ತಿ, ಒಂದು ತಂತಿ ಮೀಟಿದರು. ಅತ್ತೆ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಮೊದಲನೆಯ ಮಾರ್ದನಿಗೆ ಕಾದರು.