ಸುಮನ್ ಕೇಳಿದ ಉಪನ್ಯಾಸ

ಖಡ್! ಖಡ್! ಸ್ಟೀಲ್ ಕುರ್ಚಿ ಮಡಚುವ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಪುಣೆಯ ಯೆರವಡಾದ ಸಮಾಜ ಮಂದಿರದ ಹಿಂದಿನ ಕೋಣೆಯಲ್ಲಿ ಶನಿವಾರ ಮಧ್ಯಾಹ್ನ ನಾನು ಮಾತಾಡುತ್ತಿದ್ದಂತೆ ಮಕ್ಕಳು ಒಬ್ಬೊಬ್ಬರಾಗಿ ಎದ್ದು, ಕುರ್ಚಿ ಮಡಚಿಟ್ಟು ಹೋಗುತ್ತಿದ್ದರು. ಎಂಥ ಡಿಸಿಪ್ಲಿನ್ ಎಂದು ನಾನು ಹೆಮ್ಮೆಪಟ್ಟಿದ್ದೆ!

ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಓದಿನ ರುಚಿ ಹತ್ತಿಸುವ ಜವಾಬ್ದಾರಿಯನ್ನು ಎಪ್ಪತ್ತೊಂದನೇ ವಯಸ್ಸಿನಲ್ಲಿ, ಯಾರೂ ಕೇಳದೆಯೇ, ವಹಿಸಿಕೊಂಡಿದ್ದೆ. ಕಪಾಟಿನ ತುಂಬ ಪುಸ್ತಕ. ಕೀಲಿ ನನ್ನ ಪರ್ಸಿನಲ್ಲಿ. ಫಸ್ಟ್ ಮೋಟಿವೇಶನ್, ದೆನ್ ಬುಕ್ಸ್. ಅದು ನನ್ನ ಪಾಲಿಸಿ.

ಮೊದಲ ಶನಿವಾರ ಎಲ್ಲರೂ ಹೋದ ಮೇಲೂ ಒಬ್ಬಳು ಉಳಿದಳು. ಸುಮನ್, ಹಿಂದಿ ಶಾಲೆಯ ಹುಡುಗಿ. ಅಪ್ಪ ಹತ್ತಿರದ ಕಟ್ಟಡದಲ್ಲಿ ಟೈಲ್ಸ್ ಹಾಕುತ್ತಿದ್ದ. ತಿಂಗಳ ಕೊನೆಗೆ ಕೆಲಸ ಮುಗಿಸಿ ನಾಸಿಕ್‌ಗೆ ಹೊರಡುವವರಿದ್ದರು.

"ಆಂಟೀಜಿ, ಜಾನೇ ಸೇ ಪೆಹಲೇ ಏಕ್ ಉಪನ್ಯಾಸ ಮಿಲೇಗಾ?"

ಹೋಗುವ ಮೊದಲು ಒಂದು ಉಪನ್ಯಾಸ ಬೇಕಂತೆ! ನನಗೆ ಕಣ್ಣು ತುಂಬಿ ಬಂತು. ಕೂರಿಸಿಕೊಂಡು ಇಪ್ಪತ್ತು ನಿಮಿಷ ಕೊಟ್ಟೆ.

ಮನೆಗೆ ಬಂದು ಯಜಮಾನರಿಗೆ ಹೇಳಿದರೆ, "ನಿನ್ನ ಉಪನ್ಯಾಸ ನಾ ನಲವತ್ತೈದು ವರ್ಷದಿಂದ ಕೇಳಾಕತ್ತೀನಿ. ಹಿಂಗ ಬೇಡಿ ಕೇಳಿದವ್ರು ಯಾರೂ ಇಲ್ಲ. ಆ ಹುಡುಗಿಗೆ ಆರಾಮ ಅದ ಇಲ್ಲೋ?" ಎಂದರು.

"ಜೆಲಸ್ ಆಗಬ್ಯಾಡ್ರಿ," ಎಂದೆ.

ಎರಡನೇ ಶನಿವಾರ ಸುಮನ್ "ಪೂರಾ ಉಪನ್ಯಾಸ ಚಾಹಿಯೇ" ಎಂದಳು. ಹಿಂದಿನ ವಾರ ಚಿಕ್ಕದರಲ್ಲಿ ಮುಗಿಸಿದ್ದಕ್ಕೆ ನಾಚಿಕೆಯಾಯಿತು. ಈ ಸಲ ಒಂದು ಗಂಟೆ!

ಮೂರನೇ ಶನಿವಾರ ಅವಳು ಎರಡು ಬೆರಳ ನಡುವೆ ಅಳತೆ ತೋರಿಸಿ, "ಮೋಟಾ ವಾಲಾ, ಘರ್ ಲೇ ಜಾನೇ ಕೋ" ಎಂದಳು. ಮನೆಗೊಯ್ಯಲು, ದಪ್ಪನೆಯದು. ಅಲ್ಲೇ ಕೂತು ಓದಿನ ಮಹತ್ವದ ಬಗ್ಗೆ ಹನ್ನೊಂದು ಹಾಳೆ ಬರೆದು, ಪಿನ್ ಹಾಕಿ ಕೊಟ್ಟೆ.

ಹಾಳೆಗಳನ್ನು ತಿರುವಿ ನೋಡಿದಳು. "ಇಸ್ಮೇ ಕಹಾನಿ ಕಹಾಂ ಹೈ?" ಇದರಲ್ಲಿ ಕಥೆ ಎಲ್ಲಿ ಎಂದು ಕೇಳಿದಳು.

"ಕಹಾನಿ ಪೇಜ್ ಸೆವೆನ್ ಪರ್, ಬೇಟಾ!"

ನಾಲ್ಕನೇ ಶನಿವಾರ ನಾನು ಮರೆತು ಬಂದ ಚಾಳೀಸು ಕೊಡಲು ಯಜಮಾನರು ಬಂದಿದ್ದರು. ಸುಮನ್ ಅಳುವ ಹಾಗಿದ್ದಳು. "ಕಲ್ ಹಮ್ ಜಾ ರಹೇ ಹೈಂ. ಏಕ್ ಭೀ ಉಪನ್ಯಾಸ ನಹೀಂ ಪಢಾ." ನಾಳೆ ಹೊರಡುತ್ತಾರಂತೆ, ಒಂದೂ ಉಪನ್ಯಾಸ ಓದಿಲ್ಲವಂತೆ!

ನಾನು ಗಂಟಲು ಸರಿಮಾಡಿಕೊಂಡೆ.

"ಏ ಮಾರಾಯ್ತಿ, ಬಾಯಿ ಮುಚ್ಚು, ಕಪಾಟು ತಗಿ!" ಯಜಮಾನರು ಕೂಗಿದರು. "ಹಿಂದಿಯೊಳಗ ಉಪನ್ಯಾಸ ಅಂದ್ರ ಕಾದಂಬರಿ!"

ಬೆಳಗಾವಿಯ ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ಸ್ ಹಿಂದಿಯ ಬದಲು ಫ್ರೆಂಚ್ ಕಲಿಸಿದ್ದರು. ಪುಣೆಯಲ್ಲಿ ಈವರೆಗೆ ಒಬ್ಬ ತರಕಾರಿಯವನೂ ನನ್ನೊಡನೆ ಫ್ರೆಂಚ್ ಮಾತಾಡಿಲ್ಲ.

ಕಪಾಟು ತೆರೆದೆ. ಸುಮನ್ ಎಲ್ಲಕ್ಕಿಂತ ದಪ್ಪ ಕಾದಂಬರಿಯನ್ನು ಎದೆಗವಚಿಕೊಂಡಳು. ಅವಳೇ ಇಟ್ಟುಕೊಳ್ಳಲಿ ಎಂದೆ. ಸಾರಿ ಎಂದೂ ಹೇಳಿದೆ, ಒಂದೇ ಶಬ್ದದಲ್ಲಿ.

ಅವಳನ್ನು ಕೊನೆಯ ಸಲ ನೋಡಿದ್ದು ಮರುದಿನ ಬೆಳಿಗ್ಗೆ. ಟೆಂಪೋದಲ್ಲಿ ಪಾತ್ರೆ, ಗಾದಿಗಳ ನಡುವೆ ಕಾಲು ಮಡಚಿ ಕೂತು ಓದುತ್ತಿದ್ದಳು. ನಾನು ಹತ್ತಿರ ಹೋಗಿ, ಕೇವಲ ಎರಡು ನಿಮಿಷದ ಫೇರ್‌ವೆಲ್ ಮೆಸೇಜ್ ಶುರುಮಾಡಿದೆ: "ಸುಮನ್ ಬೇಟಾ, ಲೈಫ್ ಮೇಂ..."

ಅವಳು ಪುಟದಿಂದ ಕಣ್ಣೆತ್ತದೆ ಒಂದು ಬೆರಳು ಮೇಲೆತ್ತಿದಳು. "ಏಕ್ ಮಿನಟ್, ಆಂಟೀಜಿ."

ನಾನು ಮಾತು ನಿಲ್ಲಿಸಿದೆ. ಟೆಂಪೋ ಹೊರಟಿತು.