ಷಡ್ಡಕರ ಎರಡು ತಂತಿಗಳು

ಎರಡು ತಂತಿಗಳ ತುದಿಯನ್ನು ಒಂದಕ್ಕೊಂದು ಸೇರಿಸಲು ಒಬ್ಬ ಮನುಷ್ಯನಿಗೆ ಎಷ್ಟು ಕಾಲ ಬೇಕು? ನನ್ನ ಷಡ್ಡಕರಿಗೆ, ಅಂದರೆ ನನ್ನ ಹೆಂಡತಿಯ ಅಕ್ಕನ ಯಜಮಾನರಿಗೆ, ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅವರು ನನಗೆ ನಾಲ್ಕು ಸಲ ಅವಮಾನ ಮಾಡಿದರು. ತಂತಿಯ ವಿಷಯ ಅವರನ್ನು ಕೇಳಿ. ಅವಮಾನಗಳ ವಿಷಯ ನನ್ನನ್ನು ಕೇಳಿ!

ಅತ್ತಿಗೆಯವರಿಗೆ ಮಣ್ಣಿನ ಕೆಲಸದ ಹುಚ್ಚು. ನ್ಯೂಜಿಲೆಂಡಿನ ಲೋವರ್ ಹಟ್‌ನ ಅವರ ಗ್ಯಾರೇಜಿನಲ್ಲಿ ಮಡಕೆ ಸುಡಲು ಕರೆಂಟಿನಿಂದ ಕಾಯುವ ಪುಟ್ಟ ಆವಿಗೆಯಿದೆ. ಅದರೊಳಗಿನ ಶಾಖವನ್ನು ತಿಳಿಸುವುದು ಥರ್ಮೋಕಪಲ್: ಬೇರೆ ಬೇರೆ ಲೋಹದ ಎರಡು ತಂತಿ, ತುದಿಯಲ್ಲೊಂದು ಬೆಸುಗೆ, ಅಷ್ಟೇ. ಕಳೆದ ವರ್ಷ ಆ ತುದಿ ಸುಟ್ಟು ಬಿಟ್ಟುಕೊಂಡಿತು. ಅತ್ತಿಗೆ ಮಾಡಿಟ್ಟಿದ್ದ ಹದಿನೆಂಟು ಹಸಿ ಹಣತೆಗಳು ಶೆಲ್ಫಿನ ಮೇಲೆ ಒಣಗುತ್ತ ಕಾದು ಕುಳಿತವು.

ನಾನು ಹೊಸದೊಂದನ್ನು ತಂದುಕೊಟ್ಟೆ. ಷಡ್ಡಕರು ಪೊಟ್ಟಣವನ್ನೂ ಬಿಚ್ಚದೆ ಹಿಂತಿರುಗಿಸಿದರು.

"ಇದನ್ನ ಯಾರು ಸೇರಿಸಿದಾರೋ, ನಾನು ನೋಡಿಲ್ಲ ರಾಯರೇ."

ಮೊದಲನೆಯ ಅವಮಾನ. ಮಂಗಳವಾರ ಮಧ್ಯಾಹ್ನ, ಗಾಳಿ ಜೋರಾಗಿತ್ತು.

ಅವರು ಮೊದಲು ತಂತಿಗಳನ್ನು ಹೂಬತ್ತಿಯಂತೆ ಹೊಸೆದರು. ಕಾವಿಗೆ ಕಪ್ಪಾಗಿ ಸಡಿಲವಾದವು. ಬಳಿಕ ಪೆನ್ಸಿಲಿನ ಕಡ್ಡಿಯನ್ನು ಕಾರಿನ ಬ್ಯಾಟರಿಗೆ ಸಿಕ್ಕಿಸಿ, ಕಿಡಿ ಹಾರಿಸಿ ತುದಿ ಕರಗಿಸುವ ವಿದ್ಯೆ ಕಲಿತರು. ಪ್ರತಿಯೊಂದು ಬೆಸುಗೆಯನ್ನೂ ಒಲೆಯ ಮೇಲೆ ಕುದಿಯುವ ಸಾರಿನಲ್ಲಿ ಅದ್ದಿ, ಮೀಟರು ನೂರು ಡಿಗ್ರಿ ತೋರಿಸುತ್ತದೆಯೇ ಎಂದು ಪರೀಕ್ಷಿಸುತ್ತಿದ್ದರು!

"ನೋಡೇ, ನಿಮ್ಮ ಭಾವ ನನ್ನ ಸಾರಿಗೆ ಜ್ವರ ನೋಡ್ತಿದಾರೆ!" ಎಂದು ಅತ್ತಿಗೆ ನನ್ನ ಹೆಂಡತಿಯನ್ನು ಕೂಗುತ್ತಿದ್ದರು. ಈಚೆಗೆ ಆ ಮನೆಯಲ್ಲಿ ಕಾಫಿಯೂ ಅರ್ಧ ಲೋಟವೇ. ಅದನ್ನು ನಾನು ಅವಮಾನವೆಂದು ಇನ್ನೂ ತೀರ್ಮಾನಿಸಿರಲಿಲ್ಲ.

ಒಂದು ಭಾನುವಾರ ಅಲ್ಲಿ ಊಟ ಮುಗಿಸಿ ಹೊರಟರೆ ನನ್ನ ಕಾರು ಮಿಸುಕಲಿಲ್ಲ. ಬಾನೆಟ್ ಎತ್ತಿದರೆ ಬ್ಯಾಟರಿಯೇ ಇಲ್ಲ!

"ನಿಮ್ಮದು ಹೊಸದಲ್ವಾ ರಾಯರೇ, ಕಿಡಿ ಜೋರಾಗಿ ಬರುತ್ತೆ. ಊಟ ಮುಗಿಯೋದ್ರೊಳಗೆ ವಾಪಸ್ ಇಟ್ಟಿರ್ತಿದ್ದೆ. ನೀವು ಪಾಯಸ ಬೇಡ ಅಂದ್ಬಿಟ್ರಿ!"

ತಪ್ಪು ನನ್ನದೇ ಆಯಿತು. ಎರಡನೆಯ ಅವಮಾನ.

ಮೂವತ್ತೊಂದು ವರ್ಷ ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರನಾಗಿದ್ದವನು ನಾನು. ಇನ್ನು ಸುಮ್ಮನಿರುವುದು ವೃತ್ತಿಧರ್ಮವಲ್ಲವೆಂದು, ಕನ್ನಡಕ ಒರೆಸಿಕೊಂಡು, ಮುತ್ತಿನಂತೆ ಹೊಳೆಯುವ ಸೀಸದ ಬೆಸುಗೆ ಹಾಕಿದೆ. ಖಾಲಿ ಆವಿಗೆ ಕಾಯಿತು. ಕಾದಂತೆಲ್ಲ ಮೀಟರಿನ ಅಂಕಿ ಇಳಿಯತೊಡಗಿತು! ತಂತಿಗಳನ್ನು ಮೀಟರಿಗೆ ಅದಲುಬದಲು ಜೋಡಿಸಿದ್ದೆ. ಸರಿಪಡಿಸಿದೆ. ಅಂಕಿ ಗಂಭೀರವಾಗಿ ಏರಿತು. ಮಣ್ಣು ಬೇಯಲು ಸಾವಿರ ಡಿಗ್ರಿ ಬೇಕಾದಲ್ಲಿ ಇನ್ನೂರು ದಾಟುವಷ್ಟರಲ್ಲೇ ನನ್ನ ಮುತ್ತು ಕರಗಿ ತೊಟ್ಟಿಕ್ಕಿತು.

ಷಡ್ಡಕರು ಭೂತಗನ್ನಡಿ ಹಿಡಿದು ನೋಡಿದರು. "ಬೆಸುಗೆ ಅಲ್ಲ ರಾಯರೇ, ನೀವು ಬೆಣ್ಣೆ ಹಚ್ಚಿದೀರಿ."

ಮೂರನೆಯದು ಇದು. ನಾಲ್ಕನೆಯದು, ಇದನ್ನೇ ಕನ್ನಡ ಸಂಘದ ಊಟದ ಸಾಲಿನಲ್ಲಿ ಎಲ್ಲರಿಗೂ ಹೇಳಿದ್ದು. "ಅಂಕಲ್, ಬೆಣ್ಣೆ ಉಳಿದಿದೆಯಾ?" ಎಂದು ಹುಡುಗಿಯರು ಈಗಲೂ ಕೇಳುತ್ತಾರೆ.

ಕೊನೆಗೊಂದು ದಿನ ಗ್ಯಾರೇಜಿನಲ್ಲಿ ನನ್ನ ತಾಳ್ಮೆ ಮುಗಿಯಿತು.

"ಹೋದ ವಾರದ ಬೆಸುಗೆಗೆ ಏನಾಗಿತ್ತು?"

"ಎರಡು ಡಿಗ್ರಿ ಅನುಮಾನ."

"ಎರಡು ಡಿಗ್ರಿಗೆ ಪ್ರಳಯ ಆಗುತ್ತಾ? ಹಣತೆ ಒಡೆದರೆ ಒಡೀಲಿ! ಅತ್ತಿಗೆ ಬೇರೆ ಮಾಡ್ತಾರೆ."

ಷಡ್ಡಕರು ಅಡುಗೆಮನೆಯ ಬಾಗಿಲಿನತ್ತ ನೋಡಿದರು. ಅತ್ತಿಗೆ ಕಾಫಿ ತರುತ್ತಿದ್ದರು. ತಟ್ಟೆಯ ಮೇಲೆ ಲೋಟಗಳು ಕಟಕಟ ಅನ್ನುತ್ತಿದ್ದವು.

"ಮಾಡಲ್ಲ ರಾಯರೇ," ಎಂದರು ಮೆಲ್ಲಗೆ. "ಹೋದ ವರ್ಷದಿಂದ ಅವಳ ಕೈ ನಿಲ್ತಾ ಇಲ್ಲ. ಇವೇ ಕಡೇವು. ಸುಡೋದು ಒಂದೇ ಸಲ."

ಅತ್ತಿಗೆ ಲೋಟ ನೀಡಿದರು. ಅರ್ಧ ಲೋಟ ಕಾಫಿ, ಅದೂ ಅಂಚಿನವರೆಗೆ ತುಳುಕುತ್ತಿತ್ತು. ಮಂಗಳವಾರದ ಗಾಳಿಯನ್ನು ನೆನಪಿಟ್ಟುಕೊಂಡ ಮಹಾನುಭಾವ ನಾನು. ಹದಿನಾಲ್ಕು ತಿಂಗಳು ಆ ಕೈಯನ್ನು ನೋಡಿರಲಿಲ್ಲ.

ಕಾಫಿ ಕುಡಿದು, ಹೊರಗೆ ಹೋಗಿ, ನನ್ನ ಕಾರಿನ ಬ್ಯಾಟರಿಯನ್ನು ನಾನೇ ಬಿಚ್ಚಿ ತಂದೆ. ಇಕ್ಕಳದಲ್ಲಿ ಎರಡೂ ತಂತಿಗಳನ್ನು ಹಿಡಿದುಕೊಂಡೆ.

"ಅಲುಗಾಡಬೇಡಿ ರಾಯರೇ."

"ಇಲ್ಲ."

ಕಿಡಿ ಹಾರಿತು. ತುದಿಯಲ್ಲಿ ಸಾಸಿವೆಕಾಳಿನಷ್ಟು ದುಂಡನೆಯ ಬೆಸುಗೆ. ಷಡ್ಡಕರು ಬಹಳ ಹೊತ್ತು ಭೂತಗನ್ನಡಿ ಹಿಡಿದಿದ್ದರು. ಸಾರಿಗೆ ಅದ್ದಲಿಲ್ಲ. "ನಡೀರಿ, ಸುಡೋಣ," ಎಂದರು.

ಎರಡನೆಯ ದಿನ ಆವಿಗೆ ತಣ್ಣಗಾದ ಮೇಲೆ ಮುಚ್ಚಳ ತೆಗೆದೆವು. ಹದಿನೆಂಟೂ ಇದ್ದವು, ಕೆಂಪಗೆ, ಒಂದೂ ಬಿರುಕಿಲ್ಲದೆ. ಒಂದರ ಅಂಚು ಮಾತ್ರ ಅಲೆಅಲೆಯಾಗಿತ್ತು. ಅದೇ ಅತ್ತಿಗೆ ಕಡೆಯದಾಗಿ ಮಾಡಿದ್ದು. ನಾನು ಅದಕ್ಕೇ ಕೈ ಚಾಚಿದೆ. ಷಡ್ಡಕರು ನನ್ನ ಕೈ ಮೇಲೆ ಪಟ್ಟನೆ ಹೊಡೆದರು.

"ಅದು ನನ್ನದು ರಾಯರೇ."

ಐದನೆಯ ಅವಮಾನ. ಗುರುವಾರ ಬೆಳಿಗ್ಗೆ, ಗಾಳಿ ಇರಲಿಲ್ಲ.