ಅತ್ತೆಯ ಕಡಲೆ, ನನ್ನ ಕಾರಿನ ಬೂಟು

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವುದು ನಮ್ಮಂಥ ಮಾಸ್ತರರಿಗೆ ಬಹಳ ಕಷ್ಟದ ಕೆಲಸ. ಪ್ರಶ್ನೆ ಬಂದ ಕೂಡಲೇ ಉತ್ತರ ಬಾಯಿಗೆ ಬಂದುಬಿಡುತ್ತದೆ. ಸರಿಯೋ ತಪ್ಪೋ ಆಮೇಲಿನ ಮಾತು. ರೋಣದ ಹೈಸ್ಕೂಲಿನಲ್ಲಿ ನಾನು ಇಪ್ಪತ್ತು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಪ್ರತಿ ವರ್ಷ ಒಂಬತ್ತನೆಯ ತರಗತಿಗೆ 'ಏಕರೂಪ ವೇಗ' ಬರುತ್ತದೆ. ಬೋರ್ಡಿನ ಮೇಲೆ ನೇರ ಗೆರೆ ಎಳೆದು, ಇದೆಲ್ಲ ಕಾಗದದ ಮೇಲಷ್ಟೇ, ಬದುಕಿನಲ್ಲಿ ಇಂಥದ್ದು ಸಿಗುವುದಿಲ್ಲ ಎಂದು ಗಂಭೀರವಾಗಿ ಹೇಳಿ, ಚಾಕಿನ ಧೂಳು ಕೊಡವಿಕೊಂಡು ಹೊರಗೆ ಬರುವುದು ನನ್ನ ಪದ್ಧತಿ. ಅದೇ ಹೆಸರಿನ ಒಂದು ಕೀಲು ನನ್ನ ಕಾರಿನ ಮುಂದಿನ ಗಾಲಿಯ ಹಿಂದೆ ಕುಳಿತು, ಹನ್ನೊಂದು ವರ್ಷದಿಂದ ನನ್ನನ್ನು ಹೊತ್ತು ತಿರುಗುತ್ತಿತ್ತು ಎಂದು ನನಗೆ ತಿಳಿದದ್ದು ಅದರ ಬೂಟು ಹರಿದ ಮೇಲೆ.

ಬೂಟು ಎಂದರೆ ಕಾಲಿಗೆ ಹಾಕುವುದಲ್ಲ. ಎಂಜಿನ್ನಿನ ಬಲವನ್ನು ಗಾಲಿಗೆ ಮುಟ್ಟಿಸುವ ಕಬ್ಬಿಣದ ಸಲಾಕೆಯ ತುದಿಯಲ್ಲಿ ಆ ಕೀಲು ಇರುತ್ತದೆ. ಅದರೊಳಗೆ ಧೂಳು ಹೋಗದಂತೆ, ಗ್ರೀಸು ಹೊರಗೆ ಚೆಲ್ಲದಂತೆ, ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾದ ಒಂದು ರಬ್ಬರ್ ಚೀಲ ಹಾಕಿರುತ್ತಾರೆ. ಅದೇ ಬೂಟು. ಅದು ಹರಿದಿದೆ ಎಂದು ನನಗೇನು ಗೊತ್ತು? ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಎಲ್ಲಿಂದಲೋ 'ಕಟಕ್ ಕಟಕ್' ಎಂದು ಕೇಳತೊಡಗಿತು. "ರೀ, ಅದೇನ ಸಪ್ಪಳ?" ಎಂದಳು ಹೆಂಡತಿ ಶಾರದಾ. ಉತ್ತರ ಸಿದ್ಧವಿತ್ತು: "ರಸ್ತೆ! ಇಂಥಾ ತಗ್ಗಿನ್ಯಾಗ ಕಬ್ಬಿಣರ ಎಷ್ಟ ದಿನ ತಡೀತೈತಿ?" ಅಲ್ಲಿಂದ ಎರಡು ವಾರ ಸಿಕ್ಕಸಿಕ್ಕವರ ಮುಂದೆ ರಸ್ತೆಯನ್ನು ಬೈದೆ. ಸ್ಟಾಫ್ ರೂಮಿನಲ್ಲಿ ನನ್ನ ಮಾತಿಗೆ ಎಲ್ಲರೂ ತಲೆದೂಗಿದರು.

ಹೀಗೆ ಬೈಯುತ್ತಲೇ ಇನ್ನೆರಡು ತಿಂಗಳು ಕಳೆಯುತ್ತಿದ್ದೆನೇನೋ. ಆದರೆ ಸೋಮವಾರ ಹುಬ್ಬಳ್ಳಿಯಲ್ಲಿ ಅತ್ತೆಯ ಕಣ್ಣಿನ ಆಪರೇಷನ್ ಇತ್ತು. ಅಬ್ಬಿಗೇರಿಯ ನಮ್ಮ ಅತ್ತೆ ನೀಲವ್ವನವರಿಗೆ ಕಣ್ಣಿಗೆ ಪೊರೆ ಬಂದು, ತಾಟಿನಲ್ಲಿದ್ದ ರೊಟ್ಟಿಯನ್ನು ತಡವಿ ಹುಡುಕುವಂತಾಗಿತ್ತು. ಎರಡು ವರ್ಷ ಒಲ್ಲೆ ಎಂದು ಹಟ ಹಿಡಿದವರು ಕಡೆಗೆ ಒಂದು ಷರತ್ತಿನ ಮೇಲೆ ಒಪ್ಪಿದ್ದರು. "ಅಳಿಯಾರ ಕಾರಿನ್ಯಾಗ ಆದ್ರ ಬರ್ತೇನಿ. ಮತ್ತೊಬ್ಬರ ಗಾಡಿ ತಂದ್ರಿ, ನಾ ಕಟ್ಟಿ ಇಳಿಯಂಗಿಲ್ಲ." ಅವರನ್ನು ಇನ್ನೊಮ್ಮೆ ಒಪ್ಪಿಸುವ ತಾಕತ್ತು ನಮ್ಮಲ್ಲಿ ಯಾರಿಗೂ ಇರಲಿಲ್ಲ. ಶನಿವಾರ ಬೆಳಗ್ಗೆ ಸಪ್ಪಳ ಜೋರಾಯಿತು. ರೋಣದ ಗ್ಯಾರೇಜಿನವನು ಬಗ್ಗಿ ನೋಡಿ, "ಬೂಟ್ ಹರದೈತ್ರಿ ಸರ. ಒಳಗ ಕೀಲ ಕೆಟ್ಟಿದ್ರ ಎಕ್ಸೆಲ್ಲ ಬದ್ಲಿ ಮಾಡಬೇಕು, ಸಾಮಾನ ಬರಾಕ ನಾಕ ದಿನ ಹಿಡೀತೈತಿ" ಎಂದ. ಸೋಮವಾರಕ್ಕೆ ಉಳಿದದ್ದು ಎರಡೇ ದಿನ. ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, "ಗಜೇಂದ್ರಗಡದಾಗ ಪರಸಪ್ಪಗ ಒಮ್ಮಿ ತೋರಸ್ರಿ" ಎಂದು ಅವನೇ ದಾರಿ ಹೇಳಿದ.

ಪರಸಪ್ಪನ ಗ್ಯಾರೇಜು ಎಂದರೆ ಒಂದು ಬೇವಿನ ಮರ ಮತ್ತು ಅದರ ನೆರಳು. ಹಿಂದೆಯೇ ಮನೆ, ಮನೆಯೊಳಗೆ ಕೈಮಗ್ಗ. ಅಪ್ಪ, ಅಜ್ಜ ಎಲ್ಲರೂ ಸೀರೆ ನೇಯ್ದವರು. ಇವನೊಬ್ಬ ಗಾಡಿ ಬಿಚ್ಚುವ ಕೆಲಸಕ್ಕೆ ಬಂದಿದ್ದ. ಹೆಂಡತಿ ಗಂಗವ್ವ ಮಗ್ಗ ಬಿಟ್ಟಿರಲಿಲ್ಲ. ಶಾರದಾಳನ್ನು ನೆರಳಿನಲ್ಲಿ ನಿಲ್ಲಿಸಿ ನಾನು ರಸ್ತೆಯ ಪುರಾಣ ಶುರುಮಾಡಿದೆ. ಪರಸಪ್ಪ ಕೈಯೆತ್ತಿ ತಡೆದು, ಮನೆಯ ಕಡೆ ತಿರುಗಿ, "ಏ, ಒಂದೀಟ ಮಗ್ಗ ನಿಂದ್ರಸ!" ಎಂದು ಕೂಗಿದ. ಒಳಗಿನ ಲಟಪಟ ಸದ್ದು ನಿಂತಿತು. "ಸ್ಟೇರಿಂಗ್ ಪೂರಾ ತಿರುವಿ ಸುತ್ತ ಹಾಕ್ರಿ ಸರ. ಮಾತಾಡಬ್ಯಾಡ್ರಿ." ಬೇವಿನ ಮರಕ್ಕೆ ಬಲದಿಂದೊಂದು, ಎಡದಿಂದೊಂದು ಪ್ರದಕ್ಷಿಣೆ ಹಾಕಿದೆ. ಅವನು ಕಣ್ಣು ಮುಚ್ಚಿ ನಿಂತಿದ್ದ. ಅವನಿನ್ನೂ ಬಾಯಿ ತೆರೆದಿರಲಿಲ್ಲ, ಒಳಗಿನಿಂದ ಗಂಗವ್ವನ ದನಿ ಬಂತು: "ಎಡಗಡೆ ಗಾಲೀದು. ಎಲ್ಲಾ ಬಡತ ಒಂದ ಥರ ಇಲ್ಲ, ನಡುವ ಒಂದ ಬ್ಯಾರೆ ಬಡೀತೈತಿ." ಪರಸಪ್ಪ, "ಹೌದು, ಎಡಗಡೆದಾ" ಎಂದು ಜ್ಯಾಕು ತಂದ. ಮಗ್ಗ ಮತ್ತೆ ಶುರುವಾಯಿತು. ಶಬ್ದದ ಪಾಠವನ್ನೂ ನಾನೇ ಮಾಡುತ್ತೇನೆ ಎಂಬುದನ್ನು ಅಲ್ಲಿ ಹೇಳಲಿಲ್ಲ.

ಗಾಲಿ ಬಿಚ್ಚಿದ. ಹರಿದ ಬೂಟಿನ ಕತ್ತಿಗೆ ಏನೋ ಗಟ್ಟಿಯಾಗಿ ಸುತ್ತಿಕೊಂಡಿತ್ತು. ಅದನ್ನು ಎಳೆದು, ಬೆರಳಲ್ಲಿ ಮುರಿದು, ಮೂಸಿ ನೋಡಿ, "ರಸ್ತಾ ಅಲ್ರಿ ಸರ. ಕಡ್ಲಿ ಗಿಡ" ಎಂದ. ಶಾರದಾ ನನ್ನನ್ನು ನೋಡಿದಳು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನಮ್ಮ ಕಡೆ ಈಗ ಡಾಂಬರು ರಸ್ತೆಯೇ ಕಣ. ಕಿತ್ತ ಬೆಳೆಯನ್ನು ದಾರಿಗೆ ಹಾಸಿದರೆ ಬಂದುಹೋಗುವ ಗಾಡಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಹಿಂದಿನ ತಿಂಗಳು ಅತ್ತೆಯ ಹೊಲದ ಕಡಲೆ ಹಾಸಿದ ದಿನ ಗಾಡಿಗಳೇ ಬರಲಿಲ್ಲ. "ಅಳಿಯಾರ, ನಿಮ್ಮ ಕಾರ..." ಎಂದು ಅವರು ಮಾತು ಮುಗಿಸುವುದರೊಳಗೆ ನಾನು ಒಳಗೆ ಕುಳಿತಾಗಿತ್ತು. ಹಿಂದಕ್ಕೆ ಮುಂದಕ್ಕೆ ನಲವತ್ತು ಸಲ ಓಡಿಸಿದೆ. ಊರಿನವರು ನೋಡುತ್ತಿದ್ದರಲ್ಲ, ಕೊನೆಯ ಹತ್ತು ಸಲ ಬರೀ ಹುರುಪಿಗೆ.

ಪರಸಪ್ಪ ಕೀಲನ್ನು ಹೊರಗೆ ತೆಗೆದು, ಮಣ್ಣು ಕಲೆತ ಗ್ರೀಸನ್ನೆಲ್ಲ ಡೀಸೆಲ್ಲಿನಲ್ಲಿ ತೊಳೆದ. ಒಳಗಿನಿಂದ ಆರು ಉಕ್ಕಿನ ಗುಂಡು ಬಂದವು. ಹಳೆಯ ಸೀರೆಯ ತುಂಡಿನ ಮೇಲೆ ಅವನ್ನು ಸಾಲಾಗಿ ಇಟ್ಟು ಒಂದೊಂದನ್ನೇ ಹೆಬ್ಬೆರಳಲ್ಲಿ ಉರುಳಿಸುತ್ತ ಹೋದ. ಐದು ಗುಂಡು ಮುಗಿದವು. ಆರನೆಯದು ಅವನ ಕೈಯಲ್ಲೇ ಉಳಿಯಿತು. ಅದು ಸವೆದಿದ್ದರೆ ಎಕ್ಸೆಲ್ಲೂ ಹೋಯಿತು, ಸೋಮವಾರವೂ ಹೋಯಿತು, ಅತ್ತೆಯ ಕಣ್ಣು ಇನ್ನೆರಡು ವರ್ಷ ಕತ್ತಲೆಯಲ್ಲೇ. ಅವನು ಎದ್ದು ಆ ಗುಂಡನ್ನು ಒಳಗೆ ಒಯ್ದ. ನಾವೂ ಹಿಂದೆಯೇ ಹೋದೆವು. ಗಂಗವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡು, ಗುಂಡನ್ನು ಎರಡು ಬೆರಳ ನಡುವೆ ಹಿಡಿದು, ರೇಷ್ಮೆ ಎಳೆಯಲ್ಲಿ ಗಂಟು ಹುಡುಕುವ ಹಾಗೆ ನಿಧಾನವಾಗಿ ಹೊರಳಿಸಿದಳು. "ಗಂಟ ಇಲ್ಲ. ಮಣ್ಣ ಕುಂತಿತ್ತು ಅಷ್ಟ. ಹಾಕ್ರಿ" ಎಂದು ತಿರುಗಿ ಕೊಟ್ಟು ಲಾಳಿ ಹಿಡಿದಳು. ಶಾರದಾ ಅವಳಿಗೆ ಕೈಮುಗಿದೇಬಿಟ್ಟಳು.

ಹೊಸ ಗ್ರೀಸು ತುಂಬಿ, ಹೊಸ ಬೂಟು ತೊಡಿಸಿ, ಪಟ್ಟಿ ಬಿಗಿದ ಮೇಲೆ ಪರಸಪ್ಪ ಸಲಾಕೆಯನ್ನು ಓರೆಯಾಗಿ ಹಿಡಿದು ತಿರುಗಿಸಿ ತೋರಿಸಿದ. "ನೋಡ್ರಿ ಸರ, ಗಾಲಿ ಎತ್ತ ಹೊಳ್ಳಿದ್ರೂ, ತಗ್ಗಿಗೆ ಇಳಿದ್ರೂ, ಸುತ್ತ ಮಾತ್ರ ಹೆಚ್ಚೂ ಆಗಂಗಿಲ್ಲ, ಕಡಿಮೀನೂ ಆಗಂಗಿಲ್ಲ. ಅದಕ್ಕಾ ಇದಕ್ಕ ಒಂದಾ ವೇಗದ ಕೀಲ ಅಂತ ಹೆಸರಿಟ್ಟಾರ." ನಾನು ಬೆರಗಾಗಿ ನಿಂತುಬಿಟ್ಟೆ. ಬದುಕಿನಲ್ಲಿ ಸಿಗುವುದಿಲ್ಲ ಎಂದು ಇಪ್ಪತ್ತು ವರ್ಷ ಮಕ್ಕಳಿಗೆ ಹೇಳಿದ್ದು ಆ ಗ್ರೀಸು ಮೆತ್ತಿದ ಕೈಯಲ್ಲಿ ಸದ್ದಿಲ್ಲದೆ ತಿರುಗುತ್ತಿತ್ತು. ಒಳಗೆ ಮಗ್ಗವೂ ಅದೇ ಲಯದಲ್ಲಿ ನಡೆದಿತ್ತು.

ಆಪರೇಷನ್ ಚೆನ್ನಾಗಿ ಆಯಿತು. ಎಂಟು ದಿನದ ಮೇಲೆ ಅತ್ತೆಯನ್ನು ಮತ್ತೆ ಹುಬ್ಬಳ್ಳಿಗೆ ಒಯ್ದು ತೋರಿಸಿಕೊಂಡು ಬರುತ್ತಿದ್ದೆವು. ಅಬ್ಬಿಗೇರಿ ಹತ್ತಿರ ಬರುತ್ತಲೇ ರಸ್ತೆಯ ತುಂಬ ಕಡಲೆ ಗಿಡ! ಬ್ರೇಕು ಒತ್ತಿ ಕೆಳಗಿಳಿದೆ. "ಯಾರಿಗಿ ಬುದ್ಧಿ ಇಲ್ಲೋ ಏನೋ" ಎಂದು ಬೈಯುತ್ತ ಎರಡೂ ಕೈಯಿಂದ ಗಿಡ ಸರಿಸತೊಡಗಿದೆ. ಕರಿ ಕನ್ನಡಕ ಹಾಕಿದ್ದ ಅತ್ತೆ ಕಿಟಕಿಯಿಂದ ಕೂಗಿದರು: "ಅಳಿಯಾರ, ಎಡಗಾಲ ಬಾಜೂ ಒಂದ ಕಾಳ ಬಿದ್ದೈತಿ, ತುಳೀಬ್ಯಾಡ್ರಿ!" ಬಗ್ಗಿ ನೋಡಿದೆ. ಇತ್ತು. ಒಂದೇ ಒಂದು ಕಾಳು, ಧೂಳಿನಲ್ಲಿ. ಎತ್ತಿ ಅಂಗೈಯಲ್ಲಿ ಇಟ್ಟುಕೊಂಡೆ. "ಭಾಳ ಚಲೋ ಕಾಣತೈತಲ್ರಿ ಅತ್ತಿಯಾರ!" ಎಂದೆ. "ಕಾಣದ ಏನ್ರಿ? ನಮ್ಮವಾ ಉಳಿದ ಕಡ್ಲಿ. ನಿಮ್ಮ ಕಾರ ಬರತೈತಂತ ಮುಂಜಾನಿನ ಫೋನ್ ಮಾಡಿ ಹಾಸಸೇನಿ. ಒಂದ ನಾಕ ಸುತ್ತ ಹಾಕ್ರಿ."

ಆಗುವುದಿಲ್ಲ ಎನ್ನಬೇಕಿತ್ತು. ಆ ಕಾಳು ಇನ್ನೂ ಕೈಯಲ್ಲೇ ಇತ್ತು, ಅದನ್ನು ಜೇಬಿಗೆ ಹಾಕಿಕೊಂಡೆ. ಸುತ್ತು ಹಾಕಿದೆ. ಪ್ರತಿ ಸುತ್ತಿಗೂ ಇಳಿದು, ಹರಕೆ ಹೊತ್ತವರು ಗುಡಿಯ ದಾರಿಯುದ್ದಕ್ಕೂ ಬೀಳುವ ಹಾಗೆ ರಸ್ತೆಯ ಮೇಲೆ ಉದ್ದಕ್ಕೆ ಬೋರಲು ಮಲಗಿ, ಬೂಟಿಗೆ ತೊಡಕಿದ ಕಡ್ಡಿಗಳನ್ನು ಬಿಡಿಸಿದೆ. ದಾರಿಯಲ್ಲಿ ಹೊರಟಿದ್ದ ಹಿರಿಯರೊಬ್ಬರು ನನ್ನ ಕಾಲುಗಳ ಹತ್ತಿರ ನಿಂತು ಕೇಳಿದರು: "ಯಾರಿಗೆ ದೀಡ ನಮಸ್ಕಾರ ಹಾಕಾಕತ್ತೀರಿ ಮಾಸ್ತರ?" ಅತ್ತೆಗೋ, ಗಂಗವ್ವನ ಬೆರಳಿಗೋ, ಆ ರಬ್ಬರ್ ಚೀಲಕ್ಕೋ ಎಂದು ಒಂದು ಗಳಿಗೆ ಯೋಚಿಸಿದೆ. ಆಮೇಲೆ ಕಾರಿನ ಅಡಿಯಿಂದ ಮುಖ ಹೊರಗೆ ಹಾಕಿ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ, "ಗೊತ್ತಿಲ್ರಿ" ಎಂದೆ.